ಬದಲಿ ಸೂಪರ್‌ವೈಸರ್ ಕಾರ್ಡ್ ಇದ್ದೂ ಜಾಲ ನಿಂತುಹೋದದ್ದೇಕೆ?

ಪ್ರಶ್ನೆ (ಹುಬ್ಬಳ್ಳಿ):
ಮಾನ್ಯರೇ, ಗೋಕುಲ ರಸ್ತೆಯ ನಮ್ಮ ಕಾರ್ಖಾನೆಯ ಕಂಪ್ಯೂಟರ್ ಜಾಲದ ಮುಖ್ಯ ಸ್ವಿಚ್‌ನಲ್ಲಿ ಎರಡು ಸೂಪರ್‌ವೈಸರ್ ಕಾರ್ಡ್‌ಗಳಿವೆ (ಸ್ವಿಚ್ಚನ್ನು ನಿಯಂತ್ರಿಸುವ ಕಾರ್ಡ್‌ಗಳು). ಮೊನ್ನೆ ಮೊದಲನೆಯದು ಕೈಕೊಟ್ಟಾಗ ಎರಡನೆಯದು ಹೊಣೆ ವಹಿಸಿಕೊಂಡಿತಾದರೂ, ಅಷ್ಟರಲ್ಲಿ ಲೈನ್ ಕಾರ್ಡ್‌ಗಳೆಲ್ಲ (ಕೇಬಲ್‌ಗಳು ಸೇರುವ ಕಾರ್ಡ್‌ಗಳು) ರೀಸ್ಟಾರ್ಟ್ ಆಗಿ ಕೆಲವು ನಿಮಿಷ ಇಡೀ ಜಾಲ ಸ್ತಬ್ಧವಾಯಿತು. ಕಾನ್ಫಿಗರೇಶನ್ನನ್ನು ನಾವು ಪ್ರತಿ ಸಲವೂ ಸೇವ್ ಮಾಡುತ್ತಿದ್ದೆವು. ತಪ್ಪು ಎಲ್ಲಿರಬಹುದು?

ಉತ್ತರ (ಧಾರವಾಡ):
‘ಶೋ ರಿಡಂಡೆನ್ಸಿ’ ಕಮಾಂಡ್ ಕೊಟ್ಟು ನೋಡಿರಿ. ಬದಲಿ ಕಾರ್ಡಿನ ಎದುರು ‘ಸ್ಟ್ಯಾಂಡ್‌ಬೈ ಹಾಟ್’ ಎಂದಿರಬೇಕಾದಲ್ಲಿ ‘ಸ್ಟ್ಯಾಂಡ್‌ಬೈ ಕೋಲ್ಡ್’ ಎಂದಿದ್ದರೆ, ಸ್ವಿಚ್ ಎಸ್‌ಎಸ್‌ಒ (ಬದಲಿ ಕಾರ್ಡ್ ಪೂರ್ಣ ಸಜ್ಜಾಗಿದ್ದು ಕೂಡಲೇ ಹೊಣೆ ಹೊರುವ ವಿಧಾನ) ಬಿಟ್ಟು ಆರ್‌ಪಿಆರ್ ವಿಧಾನಕ್ಕೆ (ಬದಲಿ ಕಾರ್ಡ್ ಅರೆ ಸಜ್ಜಾಗಿದ್ದು, ಹೊಣೆ ಹೊರುವಾಗ ಲೈನ್ ಕಾರ್ಡ್‌ಗಳು ರೀಸ್ಟಾರ್ಟ್ ಆಗುವಂಥದು) ಇಳಿದಿದೆ ಎಂದರ್ಥ. ಎರಡೂ ಕಾರ್ಡ್‌ಗಳ ಸಾಫ್ಟ್‌ವೇರ್ ಆವೃತ್ತಿ ಬೇರೆಯಾಗಿದ್ದರೆ ಸಾಮಾನ್ಯವಾಗಿ ಹೀಗಾಗುತ್ತದೆ. ಸೇವ್ ಮಾಡಿದಾಗ ಕಾನ್ಫಿಗರೇಶನ್ ಬದಲಿ ಕಾರ್ಡಿಗೆ ಹೋಗುತ್ತದೆಯೇ ಹೊರತು ಇಮೇಜ್ ಫೈಲ್ (ಸಾಫ್ಟ್‌ವೇರ್ ಇರುವ ಫೈಲ್) ಹೋಗುವುದಿಲ್ಲ. ಅದನ್ನು ಬದಲಿ ಕಾರ್ಡಿನ ಫ್ಲ್ಯಾಶ್‌ಗೆ ನೀವೇ ಕಾಪಿ ಮಾಡಬೇಕು.

ಪ್ರಶ್ನೆ ಕೇಳಿದವರು:
ತಾವು ಊಹಿಸಿದಂತೆ ‘ಕೋಲ್ಡ್’ ಎಂದೇ ಇದೆ. ಕಳೆದ ಸಲ ಆವೃತ್ತಿ ಬದಲಿಸಿದಾಗ ಎರಡನೆಯ ಕಾರ್ಡನ್ನು ಮರೆತಿದ್ದೆವು, ನಾಚಿಕೆಯ ಮಾತು.

ಉತ್ತರ (ಗದಗ):
ಆವೃತ್ತಿ ಸರಿಹೊಂದಿಸಿ ಬದಲಿ ಕಾರ್ಡನ್ನಷ್ಟೇ ರೀಲೋಡ್ ಮಾಡಿರಿ. ಆದರೆ ಎಸ್‌ಎಸ್‌ಒ ಒಂದೇ ಸಾಲದು; ಓಎಸ್‌ಪಿಎಫ್ (ರೂಟರ್‌ಗಳು ದಾರಿಗಳ ಮಾಹಿತಿ ಹಂಚಿಕೊಳ್ಳುವ ಪ್ರೋಟೋಕಾಲ್) ನೆರೆಸಂಬಂಧ ಕಡಿಯದಿರಬೇಕಾದರೆ ಎನ್‌ಎಸ್‌ಎಫ್ (ಹೊಣೆ ಬದಲಾಗುವಾಗಲೂ ಡೇಟಾ ಸಾಗಣೆ ನಿಲ್ಲದಂತೆ ನೋಡಿಕೊಳ್ಳುವ ಸೌಲಭ್ಯ) ಕೂಡ ಚಾಲೂ ಇರಬೇಕು, ಪಕ್ಕದ ರೂಟರ್‌ಗಳೂ ಅದಕ್ಕೆ ಸಹಕರಿಸಬೇಕು. ಬಳಿಕ ಒಂದು ಭಾನುವಾರ ಬೆಳಗಿನ ಜಾವ ಬೇಕೆಂದೇ ಹೊಣೆ ಬದಲಿಸಿ, ಎಷ್ಟು ಪಿಂಗ್ (ಸಂಪರ್ಕ ಪರೀಕ್ಷಿಸುವ ಪುಟ್ಟ ಸಂದೇಶಗಳು) ತಪ್ಪುತ್ತವೆ ಎಂದು ಎಣಿಸಿರಿ.