ಪದಚರ್ಚೆ: ಪರಮಪ್ರಸಾದದಲ್ಲಿ ‘ಸಾನ್ನಿಧ್ಯ’ವೋ ‘ಪ್ರಸನ್ನತೆ’ಯೋ?

ಪ್ರಶ್ನೆ (ತೀರ್ಥಹಳ್ಳಿ): ಕ್ರೈಸ್ತಧರ್ಮ ಪರಿಚಯದ ಲೇಖನವೊಂದನ್ನು ತಿದ್ದುತ್ತಿದ್ದೇನೆ. ಪರಮಪ್ರಸಾದದ, ಎಂದರೆ ಕ್ರಿಸ್ತರ ದೇಹ, ರಕ್ತವೆಂದು ಸ್ವೀಕರಿಸುವ ರೊಟ್ಟಿ, ದ್ರಾಕ್ಷಾರಸಗಳ ಮಾತು ಬಂದಲ್ಲಿ ‘ರೊಟ್ಟಿಯಲ್ಲಿ ಕ್ರಿಸ್ತರ ಸಾನ್ನಿಧ್ಯ’, ‘ಕ್ರಿಸ್ತರ ಪ್ರಸನ್ನತೆ’ ಎರಡೂ ಒಂದೇ ಪುಟದಲ್ಲಿವೆ. ಯಾವುದನ್ನು ಉಳಿಸಲಿ?

ಉತ್ತರ (ಶಿವಮೊಗ್ಗ): ‘ಪ್ರಸನ್ನತೆ’ ಚರ್ಚಿನೊಳಗೆ ರೂಢಿಯಲ್ಲಿರುವ ಮಾತು. ಹೊರಗಿನ ಓದುಗರಿಗೆ ಅದು ಸಂತೋಷ ಎಂದೇ ಕೇಳಿಸುತ್ತದೆ. ಎಲ್ಲರಿಗಾಗಿ ಬರೆದದ್ದಾದರೆ ‘ಸಾನ್ನಿಧ್ಯ’ ಇರಲಿ. ಆದರೆ ‘ರೊಟ್ಟಿಯಲ್ಲಿ’ ಎಂಬ ಸಪ್ತಮಿಯನ್ನು ದಯವಿಟ್ಟು ತಿದ್ದಿ.

ನಮ್ಮಲ್ಲಿ ಸಾನ್ನಿಧ್ಯ ಎಂದೊಡನೆ ಪ್ರತಿಷ್ಠೆಯಾದ ವಿಗ್ರಹ ನೆನಪಾಗುತ್ತದೆ. ಕಲ್ಲು ಕಲ್ಲಾಗಿಯೇ ಇದ್ದು ದೇವರು ಅಲ್ಲಿ ನೆಲೆಸುತ್ತಾನೆ. ಕಥೋಲಿಕ ನಂಬಿಕೆ ಬೇರೆ. ಬಲಿಪೂಜೆಯಲ್ಲಿ (ಕಥೋಲಿಕರ ಮುಖ್ಯ ಆರಾಧನೆ, ‘ಮಾಸ್’) ಗುರುಗಳು, ಎಂದರೆ ಪಾದ್ರಿ, ‘ಇದು ನನ್ನ ದೇಹ’, ‘ಇದು ನನ್ನ ರಕ್ತ’ ಎಂಬ ಕ್ರಿಸ್ತರ ಮಾತನ್ನು ಹೇಳಿದ ಮೇಲೆ ರೊಟ್ಟಿಯ ಸತ್ತ್ವ (ಮೂಲವಸ್ತು) ಉಳಿಯುವುದಿಲ್ಲ, ಅದು ಕ್ರಿಸ್ತರ ದೇಹವೇ ಆಗುತ್ತದೆ; ಬಣ್ಣ, ರುಚಿ, ತೂಕ ಹಾಗೇ ಇರುತ್ತವೆ. 1551ರಲ್ಲಿ ಕಥೋಲಿಕ ಧರ್ಮಾಧ್ಯಕ್ಷರ ಟ್ರೆಂಟ್ ಮಹಾಸಭೆ ಸಾರಿದ್ದೂ ಇದನ್ನೇ. ಆದ್ದರಿಂದ ‘ರೊಟ್ಟಿ, ದ್ರಾಕ್ಷಾರಸಗಳ ರೂಪದಲ್ಲಿ’ ಎಂದು ಬರೆಯಿರಿ. ‘ರೊಟ್ಟಿಯಲ್ಲಿ, ರೊಟ್ಟಿಯೊಂದಿಗೆ’ ಎಂದರೆ ಪ್ರಾಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಲೂಥರನ ಪಕ್ಷವಾಗುತ್ತದೆ, ಅಲ್ಲಿ ರೊಟ್ಟಿಯೂ ಉಳಿಯುತ್ತದೆ. ‘ರೊಟ್ಟಿ ದೇಹವನ್ನು ಸೂಚಿಸುತ್ತದೆ’ ಎಂದರೆ ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿಯ ಪಕ್ಷ. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ ಚರ್ಚೆಗೆ ಕೂತ ಇವರಿಬ್ಬರೂ 15 ಅಂಶಗಳಲ್ಲಿ 14ಕ್ಕೆ ಒಪ್ಪಿ, ಕೊನೆಗೆ ಬೇರೆಯಾದದ್ದು ಇದೊಂದರ ಮೇಲೆ.

‘ರೂಪ’ ಎಂಬ ಮಾತಿನ ತೂಕ ಗೊತ್ತಾಗುವುದು ನಮ್ಮ ಮಳೆಗಾಲದಲ್ಲಿ. ಬಲಿಪೂಜೆಯ ರೊಟ್ಟಿ ಎಂದರೆ ಗೋಧಿಹಿಟ್ಟು, ನೀರು ಎರಡನ್ನೇ ಕಲಸಿ ಬೇಯಿಸಿದ ತೆಳು ಬಿಲ್ಲೆಗಳು; ಅವು ಆಗುಂಬೆ ಕಡೆಯ ಥಂಡಿಗೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತವೆ. ರೊಟ್ಟಿಯ ರೂಪ ಇರುವಷ್ಟು ಕಾಲ ಮಾತ್ರ ಕ್ರಿಸ್ತರ ಸಾನ್ನಿಧ್ಯ ಎಂಬುದು ಬೋಧನೆ. ರೊಟ್ಟಿ ಎನ್ನಲಾಗದಷ್ಟು ಕೆಟ್ಟರೆ ಸಾನ್ನಿಧ್ಯವೂ ಇಲ್ಲ. ಅದಕ್ಕೇ ಪೂಜೆಯ ನಂತರ ಚರ್ಚಿನಲ್ಲಿ ಕಾಪಿಟ್ಟದ್ದನ್ನು ಆಗಾಗ ಸೇವಿಸಿ ಹೊಸದನ್ನು ಇಡುತ್ತಾರೆ. ಕೆಟ್ಟದ್ದನ್ನು ನೀರಿನಲ್ಲಿ ಪೂರ್ತಿ ಕರಗಲು ಬಿಟ್ಟು, ಆ ನೀರನ್ನು ಚರಂಡಿಗೆ ಹೋಗದಂತೆ ನೇರ ಮಣ್ಣಿಗೆ ಸೇರಿಸುತ್ತಾರೆ.

ಇನ್ನೊಂದು ಮಾತು. ರೊಟ್ಟಿ ಎಂದರೆ ಅಕ್ಕಿರೊಟ್ಟಿ ಎಂದುಕೊಳ್ಳುವ ಸೀಮೆ ನಮ್ಮದು. ಮೊದಲ ಸಲವಾದರೂ ‘ಹುಳಿ ಹಾಕದ ಗೋಧಿರೊಟ್ಟಿ’ ಎನ್ನಿ. ಅಕ್ಕಿಹಿಟ್ಟಿನದು ಬಲಿಪೂಜೆಗೆ ಸಲ್ಲುವುದಿಲ್ಲ. ಹುಳಿತು ವಿನಿಗರ್ ಆದ ದ್ರಾಕ್ಷಾರಸವೂ ಅಷ್ಟೇ.

ಸೇರ್ಪಡೆ (ಭದ್ರಾವತಿ): ಮೇಲಿನವರು ಹೇಳಿದ್ದು ಸರಿ. ‘ಪರಮಪ್ರಸಾದ’, ‘ಬಲಿಪೂಜೆ’ ಕಥೋಲಿಕರ ಪದಗಳು. ಪ್ರಾಟೆಸ್ಟೆಂಟ್ ಸಭೆಗಳ ಬಗ್ಗೆ ಬರೆಯುವಾಗ ‘ಕರ್ತನ ಭೋಜನ’ ಎನ್ನಿ. ಇನ್ನೊಬ್ಬ ಪ್ರಾಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ನನನ್ನು ಮಾತ್ರ ಜ್ವಿಂಗ್ಲಿಯ ಸಾಲಿಗೆ ಸೇರಿಸಬೇಡಿ. ರೊಟ್ಟಿ ರೊಟ್ಟಿಯಾಗಿಯೇ ಇದ್ದರೂ, ನಂಬಿದವರು ಪವಿತ್ರಾತ್ಮನ ಮೂಲಕ ಕ್ರಿಸ್ತನನ್ನು ನಿಜವಾಗಿಯೇ ಸ್ವೀಕರಿಸುತ್ತಾರೆ ಎಂಬುದು ಅವನ ನಿಲುವು. ಅಲ್ಲಿ ‘ಆತ್ಮಿಕ ಸಾನ್ನಿಧ್ಯ’ ಹೊಂದುತ್ತದೆ.