ಗ್ರೈಂಡರ್‌ಗೆ ಮರ ಕೊಯ್ಯುವ ಬ್ಲೇಡ್ ಹಾಕಿದ್ದೆ, ಇವತ್ತು ಕೈಯಿಂದ ಹಾರಿತು

ತೋಟದ ಮನೆ, ಸಾಗರ:
ಅಡಿಕೆ ಒಣಗಿಸಲು ಚಪ್ಪರ ಹಾಕುತ್ತಿದ್ದೇನೆ. ರೀಪು ಕೊಯ್ಯಲು ಕಬ್ಬಿಣ ಕತ್ತರಿಸುವ ನಾಲ್ಕು ಇಂಚಿನ ಗ್ರೈಂಡರ್‌ಗೆ ಹಲ್ಲಿನ ಬ್ಲೇಡ್ ಹಾಕಿದ್ದೆ. ಬ್ಲೇಡಿನ ಮೇಲೆ ಕೂರುವ ರಕ್ಷಣೆಯ ಗಾರ್ಡ್ ಅಡ್ಡ ಬರುತ್ತಿತ್ತು, ಬಿಚ್ಚಿಟ್ಟಿದ್ದೆ. ಅರ್ಧ ಕೊಯ್ದಾಗ ಬ್ಲೇಡ್ ಕಚ್ಚಿಕೊಂಡು ಮಿಷನ್ ಕೈಯಿಂದ ಹಾರಿತು. ತೊಡೆ ಹತ್ತಿರ ಪ್ಯಾಂಟ್ ಹರಿದಿದೆ, ಚರ್ಮಕ್ಕೆ ಗೀರು ಮಾತ್ರ. ಇನ್ನೂ ಕೈ ನಡುಗುತ್ತಿದೆ. ನಮ್ಮೂರಲ್ಲಿ ಸುಮಾರು ಜನ ಹೀಗೇ ಕೊಯ್ಯುತ್ತಾರೆ. ನಾನು ತಪ್ಪಿದ್ದೆಲ್ಲಿ? ಇನ್ನೊಂದು, ಇದರ ಪ್ಲಗ್‌ಗೆ ಎರಡೇ ಪಿನ್. ಅರ್ಥಿಂಗ್ ಇಲ್ಲದೆ ಬಳಸಬಹುದಾ?

ಗೇಟು-ಗ್ರಿಲ್ ಅಂಗಡಿ, ದಾವಣಗೆರೆ:
ದೇವರು ದೊಡ್ಡವನು, ಗೀರಿಗೇ ಮುಗಿಯಿತು. ಮೊದಲು ಪ್ಲಗ್ ಕಿತ್ತು, ಆ ಬ್ಲೇಡನ್ನು ಇವತ್ತೇ ಬಿಚ್ಚಿಬಿಡಿ.

22 ವರ್ಷದಿಂದ ದಿನಾ ಗ್ರೈಂಡರ್ ಹಿಡಿಯುತ್ತಿದ್ದೇನೆ. ನಾಲ್ಕು ಇಂಚಿನ ಮಿಷನ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ಡಿಸ್ಕಿನ ಅಂಚು ಗಂಟೆಗೆ 200 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಕಬ್ಬಿಣ ಕತ್ತರಿಸುವ ಡಿಸ್ಕ್ ಸವೆಸುತ್ತಾ ಹೋಗುತ್ತದೆ. ಹಲ್ಲಿನ ಬ್ಲೇಡ್ ಕಚ್ಚುತ್ತದೆ. ನೀವು ರೀಪಿನ ಎರಡೂ ತುದಿಗೆ ಇಟ್ಟಿಗೆ ಕೊಟ್ಟು ನಡುವೆ ಕೊಯ್ದಿರಬೇಕು, ಅಲ್ವಾ? ಕೊಯ್ಯುತ್ತಾ ಹೋದಂತೆ ಮರ ಬಗ್ಗುತ್ತದೆ, ಸೀಳು ಮುಚ್ಚಿಕೊಂಡು ಬ್ಲೇಡನ್ನು ಹಿಸುಕುತ್ತದೆ. ಬ್ಲೇಡ್ ಸಿಕ್ಕಿಕೊಂಡರೆ ಅಷ್ಟೂ ವೇಗ ಮಿಷನ್‌ಗೆ ಬರುತ್ತೆ. ಎಂಥ ಗಟ್ಟಿ ಕೈಯೂ ತಡೆಯಲ್ಲ. ಮರಕ್ಕೆ ಕೈಗರಗಸ ಹಿಡಿಯಿರಿ, ಇಲ್ಲಾ ಕೆಳಗಡೆ ತಾನಾಗೇ ಮುಚ್ಚಿಕೊಳ್ಳುವ ಗಾರ್ಡ್ ಇರುವ ಸರ್ಕ್ಯುಲರ್ ಸಾ ತನ್ನಿ. ಕೊಯ್ದ ತುಂಡು ಕೆಳಗೆ ಬೀಳುವ ಹಾಗಿರಬೇಕು.

ಗಾರ್ಡ್ ಮಾತ್ರ ಕಬ್ಬಿಣಕ್ಕೂ ಬಿಚ್ಚಬೇಡಿ, ಕೈ ಮುಗಿದು ಹೇಳ್ತೀನಿ. ಒಮ್ಮೆ ನಮ್ಮ ಹುಡುಗ ಆಂಗಲ್ ಕತ್ತರಿಸುವಾಗ ಡಿಸ್ಕ್ ಓರೆಯಾಗಿ ಒಡೆಯಿತು. ಉಗುರಿನಷ್ಟು ಚೂರು ಎದುರಿನ ಪ್ಲೈವುಡ್ ಬಾಗಿಲಿಗೆ ಹೊಕ್ಕು ನಿಂತಿತ್ತು. ಕಟಿಂಗ್ ಪ್ಲೇಯರ್ ಹಾಕಿ ಎಳೆಯಬೇಕಾಯಿತು. ಗಾರ್ಡ್ ಇತ್ತು, ಹುಡುಗ ಡಿಸ್ಕಿನ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಂತಿದ್ದ. ಅವನಿಗೆ ಏನೂ ಆಗಲಿಲ್ಲ. ಆ ತೂತು ಈಗಲೂ ಇದೆ, ಹೊಸಬರು ಕೆಲಸಕ್ಕೆ ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ.

ಡಿಸ್ಕಿನ ನಡುವೆ ತಗಡಿನ ಬಳೆ ಇರುತ್ತದಲ್ಲ, ಅದರ ಮೇಲೆ ಎಕ್ಸ್‌ಪೈರಿ ತಿಂಗಳು, ವರ್ಷ ಅಚ್ಚಾಗಿರುತ್ತೆ. ನಿಮ್ಮ ಕಡೆ ಮಳೆ, ತೇವ ಜಾಸ್ತಿ. ಕೊಟ್ಟಿಗೆಯಲ್ಲಿ ಬಿದ್ದ ಹಳೇ ಡಿಸ್ಕ್ ಬಳಸಬೇಡಿ, ಅಂಟಿನ ಬಲ ಹೋಗಿರುತ್ತೆ. ಹೊಸ ಡಿಸ್ಕ್ ಹಾಕಿದರೂ ಅರ್ಧ ನಿಮಿಷ ಸುಮ್ನೆ ತಿರುಗಿಸಿ ನೋಡಿ. ಕಣ್ಣಿಗೆ ಕನ್ನಡಕ, ಪಕ್ಕದ ಹ್ಯಾಂಡಲ್‌ಗೆ ಎರಡನೇ ಕೈ.

ಹಳ್ಳಿಯಲ್ಲಿ ಜನ ಮರೆಯುವುದು ಇನ್ನೊಂದಿದೆ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ. ಸ್ವಿಚ್ ಆನ್ ಇದ್ದಂಗೇ ಮಿಷನ್ ನೆಲಕ್ಕಿಟ್ಟು ಟೀ ಕುಡಿಯಲು ಹೋಗುತ್ತೀವಿ. ಕರೆಂಟ್ ಬಂದ ಕೂಡಲೇ ಅದು ತಾನೇ ತಿರುಗಿ ಅಂಗಳವೆಲ್ಲ ಹರಿದಾಡುತ್ತೆ. ಮಕ್ಕಳು ಓಡಾಡುವ ಮನೆ ಆದರೆ ಕೇಳಲೇಬೇಡಿ. ಕರೆಂಟ್ ಹೋದ ತಕ್ಷಣ ಸ್ವಿಚ್ ಆಫ್ ಮಾಡಿ.

ವೈರಿಂಗ್ ಕೆಲಸ, ಮೈಸೂರು:
ಎರಡು ಪಿನ್ ವಿಷಯ ನಾನು ಹೇಳ್ತೀನಿ ಸರ್. ಮಿಷನ್ ಮೇಲಿನ ಸ್ಟಿಕ್ಕರ್‌ನಲ್ಲಿ ಚೌಕದೊಳಗೆ ಇನ್ನೊಂದು ಚೌಕ ಇದೆಯಾ ನೋಡಿ. ಇದ್ದರೆ ಅದು ಡಬಲ್ ಇನ್ಸುಲೇಷನ್, ಅಂದರೆ ಕರೆಂಟ್ ಮೈಗೆ ತಾಗದಂತೆ ಎರಡು ಪದರದ ರಕ್ಷಣೆ, ಅರ್ಥ್ ವೈರ್ ಬೇಕಾಗಿಲ್ಲ. ಆದರೆ ಒದ್ದೆ ನೆಲ, ಒದ್ದೆ ಕೈ ಇದ್ದರೆ ಅದನ್ನು ನಂಬಿಕೊಂಡು ಕೆಲಸ ಮಾಡಬೇಡಿ. ವೈರಿನ ಸಿಪ್ಪೆ ಹರಿದಿದ್ದರೆ ಟೇಪ್ ಸುತ್ತಬೇಡಿ, ವೈರನ್ನೇ ಬದಲಾಯಿಸಿ. ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್, ಹಾಕಿಸಿ. ಮೈಗೆ ಕರೆಂಟ್ ಹರಿದು ನೆಲಕ್ಕೆ ಇಳಿದರೆ ಕಣ್ಣು ಮಿಟುಕಿಸುವುದರೊಳಗೆ ಟ್ರಿಪ್ ಆಗುತ್ತೆ. ಎಕ್ಸ್‌ಟೆನ್ಷನ್ ವೈರನ್ನು ಸುರುಳಿಯಲ್ಲೇ ಬಿಟ್ಟು ಓಡಿಸಬೇಡಿ, ಬಿಸಿಯಾಗಿ ಕರಗುತ್ತೆ. ಪೂರ್ತಿ ಬಿಚ್ಚಿ ಹಾಸಿ.

ತೋಟದ ಮನೆ, ಸಾಗರ:
ಚೌಕದ ಗುರುತು ಇದೆ. ಇಟ್ಟಿಗೆ ವಿಷಯ ನೋಡಿದವರ ಹಾಗೆ ಹೇಳಿದಿರಿ ಸರ್, ಎರಡೂ ತುದಿಗೆ ಕೊಟ್ಟಿದ್ದೆ. ಬ್ಲೇಡ್ ಬಿಚ್ಚಿ ಆಯಿತು. ಅಪ್ಪನ ಗರಗಸ ಅಟ್ಟದಿಂದ ಇಳಿಸಿದ್ದೇನೆ, ಹಲ್ಲಿಗೆ ಅರ ಹಾಕಬೇಕು. ಇನ್ನೂ ಮೂವತ್ತು ರೀಪು ಉಳಿದಿವೆ, ನಿಧಾನಕ್ಕೆ ಕೊಯ್ಯುತ್ತೇನೆ. ಗಾರ್ಡಿನ ಸ್ಕ್ರೂ ಒಂದು ಕಳೆದುಹೋಗಿದೆ. ಅದು ಸಿಗುವ ತನಕ ಗ್ರೈಂಡರ್ ಡಬ್ಬದಿಂದ ಹೊರಗೆ ಬರಲ್ಲ.