ಬಟ್ಟೆ ಹೂವಿನ ಅಂಟು ಧೂಳು ತೆಗೆಯೋದು ಹೇಗೆ?

ಪ್ರಶ್ನೆ: ಟಿವಿ ಪಕ್ಕದ ಹೂದಾನಿಯಲ್ಲಿ ಬಟ್ಟೆಯ ಕೆಂಪು ಗುಲಾಬಿಗಳಿವೆ. ಕೊಡವಿದರೆ ಮೇಲಿನ ಧೂಳು ಹೋಗುತ್ತದೆ. ಎಸಳಿನ ಬುಡದಲ್ಲಿ ಮಾತ್ರ ಬೂದು ಪದರ ಹಾಗೇ ಅಂಟಿಕೊಂಡಿದೆ. ಸುಮ್ನೆ ಬಕೆಟ್ ನೀರಿಗೆ ಅದ್ದಿಬಿಡಲಾ?

ಉತ್ತರ: ಅಯ್ಯೋ, ಅದ್ದಬೇಡಿ! ಮೊದಲು ಒದ್ದೆ ಹತ್ತಿಯನ್ನು ಒಂದು ಎಸಳಿನ ಹಿಂಭಾಗಕ್ಕೆ ಒತ್ತಿ ನೋಡಿ. ಹತ್ತಿ ಕೆಂಪಾದರೆ ನೀರಿನ ಸಹವಾಸವೇ ಬೇಡ. ಪ್ಲಾಸ್ಟಿಕ್ ಚೀಲಕ್ಕೆ ಒಂದೆರಡು ಹಿಡಿ ಉಪ್ಪು ಹಾಕಿ, ಹೂವನ್ನು ತಲೆಕೆಳಗಾಗಿ ಇಳಿಸಿ, ಚೀಲದ ಬಾಯಿ ಬಿಗಿಹಿಡಿದು ಚೆನ್ನಾಗಿ ಕುಲುಕಿ. ಉಪ್ಪಿನ ಹರಳು ಧೂಳನ್ನು ಉಜ್ಜಿ ತೆಗೆಯುತ್ತದೆ. ಬಿಳಿ ಉಪ್ಪು ಮಾಸಿದ್ದು ನೋಡೋಕೇ ಒಂಥರಾ ಖುಷಿ. ಆಮೇಲೆ ಉಳಿದ ಹರಳನ್ನು ಒಣ ಬ್ರಷ್‌ನಿಂದ ಕೊಡವಿ.

ಇನ್ನೊಬ್ಬರು: ಬಣ್ಣ ಬಿಡದಿದ್ದರೆ ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತನೆ ಬಟ್ಟೆಯಿಂದ ಒರೆಸಿ. ನೀರು ಜಾಸ್ತಿ ಬಿಸಿ ಇದ್ದರೆ ಎಸಳು ಹಿಡಿದಿರುವ ಗ್ಲೂ ಮೆತ್ತಗಾಗುತ್ತದೆ. ದಂಟಿನೊಳಗೆ ತಂತಿ ಇರುತ್ತೆ ಅಲ್ವಾ, ನೀರು ಇಳಿದರೆ ತುಕ್ಕು. ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಬಣ್ಣ ಮಂಕಾಗುತ್ತದೆ.

ಪ್ರಶ್ನೆ ಕೇಳಿದವರು: ಹತ್ತಿ ಕೆಂಪಾಯಿತು! ಇನ್ನು ಉಪ್ಪೇ ಗತಿ. ಎಲೆಗಳು ಪ್ಲಾಸ್ಟಿಕ್ಕಿನವು, ಅವನ್ನಾದರೂ ಒದ್ದೆ ಬಟ್ಟೆಯಲ್ಲಿ ಒರೆಸಬಹುದು ತಾನೇ?

ಉತ್ತರ: ಧಾರಾಳವಾಗಿ. ಬಟ್ಟೆ ಹಿಂಡಿಕೊಂಡು ಒರೆಸಿ, ಗುಲಾಬಿಗೆ ತಾಗಿಸಬೇಡಿ ಅಷ್ಟೇ.